ಸೈರನ್ ಕೂಗಿದರೆ ಮೊದಲು ಮನೆಯೊಳಗೆ

ಕೇಳುಗರಿಗೆ ನಮಸ್ಕಾರ. ಅಣು ವಿದ್ಯುತ್ ಸ್ಥಾವರದ ಆಸುಪಾಸಿನಲ್ಲಿ ಸಂಸಾರ ನಡೆಸುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ಸ್ಥಾವರದಲ್ಲಿ ಅವಘಡವಾಗಿದೆಯೆಂದು ಸೈರನ್ ಕೂಗಿದರೆ ನೀವು ಮಾಡಬೇಕಾದದ್ದು ಇಷ್ಟೇ. ಒಳಗೆ ಹೋಗಿ, ಬಾಗಿಲು ಕಿಟಕಿ ಮುಚ್ಚಿ, ರೇಡಿಯೊ ಹಾಕಿ.

ಓಡಬೇಕೆನಿಸುವುದು ಸಹಜ. ಆದರೆ ವಿಕಿರಣಶೀಲ ದೂಳು ಹೊರಬಿದ್ದರೆ ಅದು ಗಾಳಿ ಬೀಸಿದ ಕಡೆಗೆ ಸಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ನೀವು ಹಿಡಿದ ದಾರಿಯನ್ನೇ ಅದೂ ಹಿಡಿದಿರಬಹುದು. ಇಟ್ಟಿಗೆ, ಕಾಂಕ್ರೀಟಿನ ಗೋಡೆ ವಿಕಿರಣವನ್ನು ಬಹಳಷ್ಟು ತಡೆಯುತ್ತದೆ. ಮುಚ್ಚಿದ ಕಿಟಕಿ ದೂಳನ್ನು ಹೊರಗಿಡುತ್ತದೆ. ಹೊರಗಿನ ಗಾಳಿಯನ್ನು ಒಳಗೆಳೆಯುವ ಯಂತ್ರಗಳನ್ನು ನಿಲ್ಲಿಸಿದರಾಯಿತು. ಆದ್ದರಿಂದಲೇ ಹೇಳುತ್ತಿದ್ದೇನೆ, ಮೊದಲು ಒಳಗೆ ಹೋಗಿ.

ಈ ವಿಷಯ ಬಂದಾಗಲೆಲ್ಲ ನಾನು ಹೇಳುವ ಘಟನೆಯೊಂದಿದೆ. 2020ರ ಜನವರಿ 12, ಭಾನುವಾರ, ಕೆನಡಾದ ಒಂಟಾರಿಯೊ ಪ್ರಾಂತ. ಬೆಳಿಗ್ಗೆ ಏಳೂವರೆಗೆ ಇನ್ನೂ ಕೆಲವು ನಿಮಿಷಗಳಿದ್ದವು. ದಿಂಬಿನ ಪಕ್ಕದಲ್ಲಿದ್ದ ಮೊಬೈಲುಗಳು ಪ್ರಾಂತದಾದ್ಯಂತ ಒಮ್ಮೆಲೇ ಕಿರುಚಿಕೊಂಡವು. ಪಿಕರಿಂಗ್ ಅಣು ಸ್ಥಾವರದಲ್ಲಿ ಏನೋ ನಡೆದಿದೆ ಎಂಬ ತುರ್ತು ಸಂದೇಶ. ಅಸಹಜವಾಗಿ ವಿಕಿರಣ ಸೋರಿಲ್ಲ, ಸದ್ಯಕ್ಕೆ ನೀವೇನೂ ಮಾಡಬೇಕಿಲ್ಲ ಎಂದೂ ಅದರಲ್ಲೇ ಬರೆದಿತ್ತು. ಆದರೆ ನಿದ್ದೆಗಣ್ಣಿಗೆ ‘ಅಣು ಸ್ಥಾವರ’ ಎಂಬ ಪದ ಬಿದ್ದ ಮೇಲೆ ಮುಂದಿನ ಸಾಲನ್ನು ಯಾರು ಸಮಾಧಾನದಿಂದ ಓದುತ್ತಾರೆ, ಹೇಳಿ!

ಸ್ಥಾವರದಲ್ಲಿ ನಿಜಕ್ಕೂ ಏನೂ ಆಗಿರಲಿಲ್ಲ. ಪಾಳಿ ಬದಲಾಗುವ ಹೊತ್ತಿನಲ್ಲಿ ಎಂದಿನ ಪರೀಕ್ಷೆ ನಡೆಸುತ್ತಿದ್ದ ಅಧಿಕಾರಿಯೊಬ್ಬರು, ಪರೀಕ್ಷೆಗೆಂದೇ ಇರುವ ವ್ಯವಸ್ಥೆಯಲ್ಲಿದ್ದೇನೆ ಎಂದುಕೊಂಡು, ಜನರಿಗೆ ಹೋಗುವ ವ್ಯವಸ್ಥೆಯಿಂದಲೇ ಸಂದೇಶ ಕಳಿಸಿಬಿಟ್ಟಿದ್ದರು. ಕೈತಪ್ಪು ಯಾರಿಂದಲಾದರೂ ಆಗುತ್ತದೆ, ಅದನ್ನು ನಾನು ದೂರುವುದಿಲ್ಲ. ನನಗೆ ತಡೆಯಲಾಗದ್ದು ಮುಂದಿನದು. ‘ಅಪಾಯವೇನೂ ಇಲ್ಲ, ಅದು ತಪ್ಪಾಗಿ ಹೋದದ್ದು’ ಎಂಬ ಎರಡನೆಯ ಸಂದೇಶ ಅದೇ ಮೊಬೈಲುಗಳಿಗೆ ಬಂದದ್ದು 108 ನಿಮಿಷಗಳ ನಂತರ! ಅಷ್ಟರಲ್ಲಿ ಸಾಮಾಜಿಕ ಜಾಲತಾಣದಲ್ಲಿ ಸ್ಪಷ್ಟನೆ ಬಂದಿತ್ತು, ನಿಜ. ಆದರೆ ಮೊಬೈಲು ಕಿರುಚಿ ಹೆದರಿಸಿದ್ದರೆ, ಸಮಾಧಾನ ಹೇಳಬೇಕಾದದ್ದೂ ಆ ಮೊಬೈಲೇ. ಅಲ್ಲಿ ತಿಂಗಳಿಗೆ ನೂರಿನ್ನೂರು ಮಂದಿ ಕೇಳಿ ಪಡೆಯುತ್ತಿದ್ದ, ಅಣು ಅವಘಡದ ವೇಳೆ ನುಂಗಲೆಂದು ಇರುವ ಅಯೋಡೈಡ್ ಮಾತ್ರೆಗಳಿಗೆ ಎರಡೇ ದಿನಗಳಲ್ಲಿ 32,000ಕ್ಕೂ ಹೆಚ್ಚು ಬೇಡಿಕೆ ಬಂದಿತು.

ಸ್ಥಾವರದವರಿಗೂ ಅಧಿಕಾರಿಗಳಿಗೂ ಇಲ್ಲಿಂದಲೇ ಒಂದು ಮಾತು. ಒಳಗಿರಿ, ರೇಡಿಯೊ ಕೇಳಿ ಎಂದು ಜನರಿಗೆ ಹೇಳಿದ ಮೇಲೆ ಅವರಿಗೆ ಕೇಳಿಸಿಕೊಳ್ಳಲು ಏನಾದರೂ ಕೊಡಿ. ಗೊತ್ತಿರುವುದು ಎರಡೇ ವಾಕ್ಯವಾದರೆ ಆ ಎರಡನ್ನೇ ಹದಿನೈದು ನಿಮಿಷಕ್ಕೊಮ್ಮೆ ಹೇಳಿ. ನೀವು ಸುಮ್ಮನಾದರೆ ಜನ ಬಾಗಿಲು ತೆರೆದು ಪಕ್ಕದವರನ್ನು ಕೇಳುತ್ತಾರೆ.

ಸಮಯ ಆಗುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದಲ್ಲಿ ಅವಘಡವಾದಾಗ ಹತ್ತಿರದ ಆಸ್ಪತ್ರೆಯೊಂದರಿಂದ ಅವಸರದಲ್ಲಿ ಸಾಗಿಸಿದ ವೃದ್ಧ ರೋಗಿಗಳಲ್ಲಿ ಹತ್ತಾರು ಮಂದಿ, ಸರಿಯಾದ ಆರೈಕೆಯಿಲ್ಲದ ಆ ದೀರ್ಘ ಪ್ರಯಾಣವನ್ನು ತಾಳಲಾರದೆ ತೀರಿಕೊಂಡರು. ಊರು ಬಿಡಿ ಎಂದು ಅಧಿಕಾರಿಗಳು ಹೇಳಿದರೆ ಬಿಡಲೇಬೇಕು. ಹೇಳುವವರೆಗೆ ಒಳಗಿರಿ.

ಅಯೋಡೈಡ್ ಮಾತ್ರೆ ಕಾಪಾಡುವುದು ಥೈರಾಯ್ಡ್ ಗ್ರಂಥಿಯನ್ನು ಮಾತ್ರ. ಸೂಚನೆ ಬಂದಾಗಷ್ಟೇ ನುಂಗಿ. ಹೊರಗಿನಿಂದ ಬಂದವರು ಮೇಲಿನ ಬಟ್ಟೆ ಕಳಚಿ, ಚೀಲದಲ್ಲಿ ಕಟ್ಟಿ ದೂರವಿಟ್ಟು, ಸ್ನಾನ ಮಾಡಲಿ.

ಮಗು ಶಾಲೆಯಲ್ಲಿದ್ದರೆ ಏನು ಮಾಡುವುದು ಎಂದು ತಾಯಂದಿರು ಪ್ರತಿ ಸಲವೂ ಕೇಳುತ್ತಾರೆ. ಕರೆತರಲು ಓಡಬೇಡಿ, ಅಮ್ಮಂದಿರೇ. ಶಾಲೆಗೂ ಗೋಡೆಗಳಿವೆ. ಶಿಕ್ಷಕರು ಮಕ್ಕಳನ್ನು ಒಳಗೆ ಕರೆದು ಕಿಟಕಿ ಮುಚ್ಚುತ್ತಾರೆ. ಶಾಲೆಯಲ್ಲಿ ಇದನ್ನು ಅಭ್ಯಾಸ ಮಾಡಿಸಿದ್ದಾರೆಯೇ ಎಂದು ನಾಳೆ ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಕೇಳಿ. ಇಲ್ಲವೆಂದರೆ, ಯಾವಾಗ ಮಾಡಿಸುತ್ತೀರಿ ಎಂದು ದಿನಾಂಕ ಕೇಳಿ. ನಮಸ್ಕಾರ.