ರಂಗ ಕುಣಿಯುತ್ತಿರಲಿಲ್ಲ

ನಮಸ್ಕಾರ. ಇವತ್ತು ನಮ್ಮ ಮನೆಯಲ್ಲಿದ್ದ ಒಂದು ಆಮೆಯ ವಿಷಯ ಹೇಳಬೇಕು.

ಆಗ ನಾವು ಚಾಮರಾಜಪೇಟೆಯ ಒಂದು ವಠಾರದಲ್ಲಿದ್ದೆವು. ನನಗೆ ಎಂಟು ವರ್ಷ. ಚಿಂತಾಮಣಿ ಕಡೆಯಿಂದ ಬಂದ ಸೋದರಮಾವ ತರಕಾರಿ ಚೀಲದೊಳಗೆ ಕೈ ಹಾಕಿ, ಹುಣಸೆಹಣ್ಣಿನ ಪೊಟ್ಟಣದ ಪಕ್ಕದಿಂದ ಒಂದು ಆಮೆ ತೆಗೆದರು. "ಹೊಲದ ಬದುವಲ್ಲಿ ಸಿಕ್ತು ಪುಟ್ಟಾ, ಇಟ್ಕೋ" ಅಂದರು. ಕಪ್ಪು ಚಿಪ್ಪು, ಅದರ ಮೇಲೆ ನಕ್ಷತ್ರದ ಹಾಗೆ ಹರಡಿದ ಹಳದಿ ಗೆರೆಗಳು. ನಮ್ಮ ಬಯಲುಸೀಮೆಯ ಒಣ ಕುರುಚಲಿನಲ್ಲಿ ಬದುಕುವ ನಕ್ಷತ್ರ ಆಮೆ ಅದು. ರಂಗ ಅಂತ ಹೆಸರಿಟ್ಟೆವು.

ರಂಗನಿಗೆ ನಾವು ಮಾಡದ ಪ್ರೀತಿ ಇಲ್ಲ. ಅಮ್ಮ ಮೊಸರನ್ನ ಇಡುತ್ತಿದ್ದರು. ನಾನು ಸ್ಕೂಲಿಂದ ಬಂದು ಬಿಸ್ಕತ್ತು ಕೊಡುತ್ತಿದ್ದೆ. ದಿನಾ ನಲ್ಲಿ ಕೆಳಗೆ ಸ್ನಾನ, ದೀಪಾವಳಿಗೆ ಚಿಪ್ಪಿಗೆ ಕೊಬ್ಬರಿ ಎಣ್ಣೆ. ಹಿತ್ತಲು ಪೂರ್ತಿ ಸಿಮೆಂಟು. ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಅವನ ಜಾಗ.

ವರ್ಷದಲ್ಲಿ ಕೆಲವು ದಿನ ರಂಗ ಕುಣಿಯುತ್ತಿದ್ದ. ಗೋಡೆ ಪಕ್ಕದಲ್ಲೇ ಅತ್ತಿಂದಿತ್ತ ಓಡಾಡಿ, ಮೂಲೆಗೆ ಹೋಗಿ, ಹಿಂಗಾಲಲ್ಲಿ ನೆಲ ಕೆರೆಯುತ್ತಿದ್ದ. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು. ಕರ್ರ್, ಕರ್ರ್. ಸ್ವಲ್ಪ ಹೊತ್ತು ಕೆರೆದು ಅಲ್ಲೇ ಉಚ್ಚೆ ಮಾಡಿ ಮತ್ತೆ ಕೆರೆಯುತ್ತಿದ್ದ. ಅಮ್ಮ ಬೈದುಕೊಂಡು ನೀರು ಹೊಯ್ಯುತ್ತಿದ್ದರು. ವಠಾರದ ಮಕ್ಕಳೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದೆವು. "ರಂಗ ಡ್ಯಾನ್ಸ್ ಮಾಡ್ತಿದ್ದಾನೆ!"

ನಾಲ್ಕನೇ ವರ್ಷದ ಚಳಿಗಾಲದಲ್ಲಿ ರಂಗ ಸತ್ತ. ಮೂಗಿನ ಹತ್ತಿರ ಸಣ್ಣ ಗುಳ್ಳೆ ಬರುತ್ತಿತ್ತು, ಅಷ್ಟೇ. ಎರಡು ದಿನ ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡೆವು. ಎರಡು ದಿನ! ನಾಯಿ ಆಗಿದ್ದರೆ ಕುಂಯ್ ಅನ್ನುತ್ತಿತ್ತು. ಹಸು ಆಗಿದ್ದರೆ ಕೂಗುತ್ತಿತ್ತು. ಆಮೆ ಏನೂ ಅನ್ನಲಿಲ್ಲ. ಅದು ಸುಮ್ಮನಿದ್ದರೆ ಸುಖವಾಗಿದೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು.

ಇದೆಲ್ಲ ಆಗಿ ಎಷ್ಟೋ ವರ್ಷದ ಮೇಲೆ ಒಬ್ಬ ಪಶುವೈದ್ಯರ ಜೊತೆ ಮಾತಾಡುವಾಗ ರಂಗನ ಕುಣಿತದ ಕಥೆ ಹೇಳಿದೆ. ನಗುತ್ತಲೇ ಹೇಳಿದೆ. ಅವರು ನಗಲಿಲ್ಲ. "ಹೊಟ್ಟೆ ಕಡೆ ಚಿಪ್ಪು ಚಪ್ಪಟೆ ಇತ್ತಾ, ಒಳಕ್ಕೆ ತಗ್ಗಿತ್ತಾ?" ಅಂತ ಕೇಳಿದರು. ಚಪ್ಪಟೆ ಇತ್ತು ಸಾರ್ ಅಂದೆ. "ಹಾಗಾದ್ರೆ ಅದು ಹೆಣ್ಣು. ಮೊಟ್ಟೆ ಇಡೋಕೆ ಮಣ್ಣು ಹುಡುಕ್ತಾ ಇತ್ತು."

ಹೆಣ್ಣು ಆಮೆ ಹಿಂಗಾಲಲ್ಲೇ ಗುಂಡಿ ತೋಡುತ್ತದೆ. ನೆಲ ಗಟ್ಟಿ ಇದ್ದರೆ ಉಚ್ಚೆ ಹೊಯ್ದು ಮೆತ್ತಗೆ ಮಾಡಿಕೊಳ್ಳುತ್ತದೆ. ಗಂಡು ಜೊತೆಗಿಲ್ಲದಿದ್ದರೂ ಮರಿಯಾಗದ ಮೊಟ್ಟೆ ಕಟ್ಟುತ್ತದೆ. ಜಾಗ ಸಿಗದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ. ಅವಳು ಸಿಮೆಂಟು ಕೆರೆಯುತ್ತಿದ್ದಳು. ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಆವತ್ತು ಅವರಿಂದ ಇನ್ನೂ ಎಷ್ಟೋ ವಿಷಯ ತಿಳಿಯಿತು. ಈ ಆಮೆಗೆ ಬೇಕಾದದ್ದು ಹುಲ್ಲು, ಸೊಪ್ಪು, ಬಿದ್ದ ಹೂವು, ಬಿಸಿಲು. ಅನ್ನ, ಮೊಸರು, ಬಿಸ್ಕತ್ತು ಅದರ ಹೊಟ್ಟೆಗೆ ಆಗುವುದಿಲ್ಲ. ಬಿಸಿಲು, ಸುಣ್ಣದಂಶ ಸಾಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಚಿಪ್ಪು ಅಂದರೆ ಮೇಲೆ ಹೊದ್ದ ಮುಚ್ಚಳ ಅಲ್ಲ, ಬೆನ್ನುಮೂಳೆ, ಪಕ್ಕೆಲುಬು ಎಲ್ಲ ಅದರ ಜೊತೆ ಕೂಡಿಕೊಂಡಿರುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ, ನೋವಾಗುತ್ತದೆ. ಹಿಂದಿನ ಬೀದಿಯ ಒಂದು ಮನೆಯಲ್ಲಿ ಆಮೆ ಕಳೆದುಹೋಗಬಾರದು ಅಂತ ಚಿಪ್ಪಿನ ಅಂಚಿಗೆ ತೂತು ಕೊರೆದು ದಾರ ಕಟ್ಟಿದ್ದರು. ನಾನೇ ಕಣ್ಣಾರೆ ನೋಡಿದ್ದೆ.

ಆಮೆ ಒಂದೇ ಅಲ್ಲ. ತೆಂಗಿನ ಗರಿ ಜೊತೆ ಬಿದ್ದ ಅಳಿಲು ಮರಿಗೆ ಇಂಕ್ ಫಿಲ್ಲರಲ್ಲಿ ಹಸುವಿನ ಹಾಲು ಕುಡಿಸಿದ್ದೆ. ಭೇದಿ ಆಗಿ ಮೂರನೇ ದಿನ ಹೋಯಿತು. ರಟ್ಟಿನ ಡಬ್ಬದಲ್ಲಿ ಬೆಚ್ಚಗೆ ಮರದ ಬುಡದಲ್ಲಿ ಇಟ್ಟು ದೂರ ಸರಿದಿದ್ದರೆ, ಎಷ್ಟೋ ಸಲ ತಾಯಿಯೇ ಬಂದು ಕಚ್ಚಿಕೊಂಡು ಹೋಗುತ್ತದೆ. ವಠಾರದಲ್ಲಿ ಒಂದು ಗಿಳಿಯೂ ಇತ್ತು, ರೆಕ್ಕೆ ಕತ್ತರಿಸಿದ್ದು. ಅದು ದಿನವಿಡೀ ಮಾತಾಡುತ್ತಿತ್ತು. ಅದರ ಮಾತೂ ನಮಗೆ ಅರ್ಥವಾಗಲಿಲ್ಲ.

ನಮಗೆ ಗೊತ್ತಿರಲಿಲ್ಲ, ನಿಜ. 1972ರಿಂದಲೇ ವನ್ಯಜೀವಿ ಕಾನೂನು ಇತ್ತು, ಆದರೆ ನಮ್ಮ ವಠಾರದಲ್ಲಿ ಯಾರೂ ಅದರ ಹೆಸರು ಕೇಳಿರಲಿಲ್ಲ. ಈಗ ಹಾಗಲ್ಲ ಅಲ್ವಾ? 2019ರಲ್ಲಿ ನಕ್ಷತ್ರ ಆಮೆಯ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದರು. ತಿದ್ದುಪಡಿಯಾದ ನಮ್ಮ ಕಾನೂನು 2023ರ ಏಪ್ರಿಲ್‌ನಿಂದ ಅದನ್ನು ಹುಲಿ, ಆನೆಗಳ ಜೊತೆ ಮೊದಲ ಪಟ್ಟಿಗೇ ಸೇರಿಸಿದೆ. ಅಷ್ಟಾದರೂ ನಮ್ಮ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸಿನೊಳಗೆ ಆಮೆಗಳು ಸಿಕ್ಕಿದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ವಾಸ್ತುವಿಗೆ ಒಳ್ಳೆಯದು, ದುಡ್ಡು ನಿಲ್ಲುತ್ತದೆ ಅಂತ ಈಗಲೂ ಕೊಳ್ಳುವವರಿದ್ದಾರೆ. ನನಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ. ಹೊಲದಲ್ಲಿ ಮಳೆ ಬಿದ್ದ ಸಂಜೆ ಹುಲ್ಲು ಮೇಯಬೇಕಾದ ಜೀವವನ್ನು ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿಟ್ಟು ಯಾವ ಲಕ್ಷ್ಮಿಯನ್ನು ಕರೆಯುತ್ತೀರಿ?

ಕೆಲವರು ಹೆದರಿ ರಾತ್ರೋರಾತ್ರಿ ಕೆರೆಗೆ ಬಿಟ್ಟು ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಕ್ಷತ್ರ ಆಮೆ ನೆಲದ ಪ್ರಾಣಿ. ಕಾಲು ಕಂಬದ ಹಾಗಿದೆ, ಬೆರಳ ಮಧ್ಯೆ ಜಾಲ ಇಲ್ಲ. ನೀರಿಗೆ ಹಾಕಿದರೆ ಮುಳುಗಿ ಸಾಯುತ್ತದೆ. ಅಂಗಡಿಯಲ್ಲಿ ನಾಣ್ಯದಷ್ಟು ಚಿಕ್ಕದಿದ್ದಾಗ ತಂದ ರೆಡ್ ಇಯರ್ಡ್ ಸ್ಲೈಡರ್ ಅನ್ನುವ ನೀರಾಮೆ ಈಜುತ್ತದೆ, ಆದರೆ ಅದು ಅಮೆರಿಕದ್ದು. ತಟ್ಟೆಯಷ್ಟು ದೊಡ್ಡದಾಯಿತು ಅಂತ ಕೆರೆಗೆ ಬಿಟ್ಟರೆ ನಮ್ಮ ಕೆರೆ ಆಮೆಯ ಊಟಕ್ಕೂ ಜಾಗಕ್ಕೂ ಕುತ್ತು.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ನಕ್ಷತ್ರ ಆಮೆ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಅಗಲವಾದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಒಣ ಹುಲ್ಲು ಹಾಸಿ ಇಡಿ. ಒಂದು ಹಿಡಿ ಹಸಿ ಹುಲ್ಲು, ತಟ್ಟೆಯಲ್ಲಿ ಸ್ವಲ್ಪ ನೀರು ಸಾಕು. ಮೊಸರನ್ನ ಬೇಡ.