ಬಿಬಿಸಿಗೆ ಸ್ವಂತ ಮನೆ ಇರಲಿ, ನನಗೆ ಅಲ್ಲಿ ಕೋಣೆ ಬೇಡ

ನಮಸ್ಕಾರ. ಮೊದಲು ಒಂದು ವಿಳಾಸ ಹೇಳ್ತೀನಿ, ಕೇಳಿ: ಸೋಷಿಯಲ್ ಡಾಟ್ ಬಿಬಿಸಿ. ಡಾಟ್ ಕಾಮ್ ಅಲ್ಲ, ಡಾಟ್ ಯುಕೆನೂ ಅಲ್ಲ. ಆ ಬಾಲ ಇದೆಯಲ್ಲ, 'ಡಾಟ್ ಬಿಬಿಸಿ', ಅದು ಪೂರ್ತಿ ಬಿಬಿಸಿಯ ಸ್ವತ್ತು. ನಾನು ನೀವು ಎಷ್ಟು ದುಡ್ಡು ಸುರಿದರೂ ಆ ಬಾಲ ಸಿಗೋದಿಲ್ಲ. 2023ರ ಜುಲೈ ಕೊನೆಯಲ್ಲಿ ಬಿಬಿಸಿಯ ಸಂಶೋಧನಾ ವಿಭಾಗ ಈ ವಿಳಾಸದಲ್ಲಿ ತನ್ನದೇ ಮಾಸ್ಟಡಾನ್ ಸರ್ವರ್ ತೆರೆಯಿತು. ಆರು ತಿಂಗಳ ಪ್ರಯೋಗ ಅಂತ ಹೇಳಿ, ಆಮೇಲೆ ಇನ್ನಾರು ತಿಂಗಳು ಮುಂದುವರಿಸಿದರು. ರೇಡಿಯೋ 4, ರೇಡಿಯೋ 5 ಲೈವ್, ಹೀಗೆ ಬೆರಳೆಣಿಕೆಯ ಖಾತೆಗಳು, ಅಷ್ಟೆ.

ಮಾಸ್ಟಡಾನ್ ಅಂದ್ರೆ ಏನು ಅಂತ ಕೇಳೋರಿಗೆ: ಟ್ವಿಟರ್ ಥರದ್ದೇ ಸಾಮಾಜಿಕ ಜಾಲ, ಆದರೆ ಒಬ್ಬರ ಕೈಯಲ್ಲಿಲ್ಲ. ನಿಮ್ಮದು ಜಿಯೋ ಸಿಮ್, ನಿಮ್ಮ ಅಕ್ಕಂದು ಬಿಎಸ್ಸೆನ್ನೆಲ್. ಆದ್ರೂ ಫೋನ್ ಹೋಗುತ್ತಲ್ವಾ? ಹಾಗೇ ಇದು. ಜರ್ಮನಿಯ ಯುಜೀನ್ ರೋಚ್ಕೋ 2016ರಲ್ಲಿ ಶುರು ಮಾಡಿದ್ದು. ಸಾವಿರಾರು ಸರ್ವರ್‌ಗಳು, ಒಂದೊಂದಕ್ಕೂ ಬೇರೆ ಬೇರೆ ಯಜಮಾನರು. ಆದರೆ ಎಲ್ಲರೂ ಒಂದೇ ಭಾಷೆ ಆಡೋದ್ರಿಂದ ಇಲ್ಲಿದ್ದುಕೊಂಡು ಅಲ್ಲಿನವರ ಮಾತು ಓದಬಹುದು, ಉತ್ತರವನ್ನೂ ಕೊಡಬಹುದು.

ಬಿಬಿಸಿಗೆ ಈ ಉಸಾಬರಿ ಯಾಕೆ ಬೇಕಿತ್ತು? ಅದೇ ವರ್ಷದ ಏಪ್ರಿಲ್ ನೆನಪು ಮಾಡಿಕೊಳ್ಳಿ. ಎಲಾನ್ ಮಸ್ಕ್ ಟ್ವಿಟರ್ ಕೊಂಡು ಆರು ತಿಂಗಳೂ ಆಗಿರಲಿಲ್ಲ. ಅಮೆರಿಕದ ಎನ್‌ಪಿಆರ್ ರೇಡಿಯೋದ ಖಾತೆಗೆ 'ಸರ್ಕಾರದ ನಂಟಿರುವ ಮಾಧ್ಯಮ' ಅಂತ ಚೀಟಿ ಅಂಟಿಸಿದರು. ರಷ್ಯಾ, ಚೀನಾದ ಸರ್ಕಾರಿ ವಾಹಿನಿಗಳಿಗೆ ಅಂಟಿಸೋ ಚೀಟಿ ಅದು. ಎನ್‌ಪಿಆರ್‌ಗೆ ಕೇಂದ್ರ ಸರ್ಕಾರದಿಂದ ನೇರವಾಗಿ ಬರ್ತಿದ್ದ ದುಡ್ಡು ಬಜೆಟ್ಟಿನ ಶೇ. 1ಕ್ಕಿಂತ ಕಡಿಮೆ. ಬಿಬಿಸಿಗೂ ಅಂಥದ್ದೇ ಒಂದು ಚೀಟಿ ಬಿತ್ತು. ಬಿಬಿಸಿ ಗಲಾಟೆ ಮಾಡಿದ ಮೇಲೆ ಪದ ಬದಲಾಯ್ತು. ಬಾಡಿಗೆ ಮನೆಯ ಬಾಗಿಲ ಮೇಲೆ ಓನರ್ ತನಗೆ ತೋಚಿದ ಬೋರ್ಡ್ ಹಾಕಿದ ಹಾಗೆ. ಎನ್‌ಪಿಆರ್ 88 ಲಕ್ಷದಷ್ಟು ಫಾಲೋವರ್‌ಗಳನ್ನು ಅಲ್ಲೇ ಬಿಟ್ಟು ಎದ್ದು ಬಂತು. ಆರು ತಿಂಗಳಾದ ಮೇಲೆ ಲೆಕ್ಕ ಹಾಕಿದರೆ, ಅವರ ವೆಬ್‌ಸೈಟಿಗೆ ಬರೋ ಜನ ಕಡಿಮೆಯಾಗಿದ್ದು ಬರೀ ಶೇಕಡಾ ಒಂದರಷ್ಟು! ಊರೇ ಅಲ್ಲಿದೆ ಅಂದುಕೊಂಡಿದ್ದ ಜಾಗದಿಂದ ಮನೆಗೆ ಬರ್ತಿದ್ದ ನೆಂಟರು ಅಷ್ಟೇ.

ಜರ್ಮನಿಯ ಸಾರ್ವಜನಿಕ ಪ್ರಸಾರ ಸಂಸ್ಥೆಗಳಾದ ಎಆರ್‌ಡಿ, ಝಡ್‌ಡಿಎಫ್ ಎರಡಕ್ಕೂ ಸ್ವಂತ ಸರ್ವರ್ ಇದೆ. ಇಂಥ ಸರ್ವರ್‌ಗಳಲ್ಲಿ ವಿಳಾಸವೇ ಗುರುತಿನ ಚೀಟಿ, ನೀಲಿ ಟಿಕ್ ಬೇಕಾಗಿಲ್ಲ. 2022ರ ನವೆಂಬರಿನಲ್ಲಿ ಟ್ವಿಟರ್ ಖಾತೆಗೆ ಎಂಟು ಡಾಲರ್ ಕೊಟ್ಟು ಟಿಕ್ ತಗೊಂಡ ಯಾರೋ, ಇನ್ಸುಲಿನ್ ತಯಾರಿಸೋ ಎಲೈ ಲಿಲ್ಲಿ ಕಂಪನಿಯ ವೇಷ ಹಾಕಿ 'ಇನ್ನು ಇನ್ಸುಲಿನ್ ಪುಕ್ಕಟೆ' ಅಂತ ಬರೆದಿದ್ದು ನೆನಪಿರಬೇಕು. ಡಾಟ್ ಬಿಬಿಸಿ ಬಾಲ ಹಾಕಿಕೊಂಡು ಆ ವೇಷ ಕಟ್ಟೋಕಾಗಲ್ಲ.

ಈಗ ನನ್ನ ತಕರಾರು. ಮೊದಲು ಈ ಸುದ್ದಿ ಓದಿದಾಗ ನನಗೆ ಕೋಪ ಬಂದಿತ್ತು. ಬ್ರಿಟನ್ನಿನಲ್ಲಿ ಟಿವಿ ನೋಡೋ ಒಂದೊಂದು ಮನೆ ಆಗ ಬಿಬಿಸಿ ನಡೆಸೋಕೆ ಅಂತ ವರ್ಷಕ್ಕೆ 159 ಪೌಂಡ್ ಲೈಸೆನ್ಸ್ ಶುಲ್ಕ ಕಟ್ತಾ ಇತ್ತು. ದುಡ್ಡು ಕೊಟ್ಟ ಜನಕ್ಕೆ ಆ ಸರ್ವರ್‌ನಲ್ಲಿ ಒಂದು ಖಾತೆ ತೆರೆಯೋ ಅವಕಾಶ ಇಲ್ಲ! ಬರೀ ಬಿಬಿಸಿಯ ಖಾತೆಗಳು. ಇದೆಂಥ ಸಾರ್ವಜನಿಕ ಸೇವೆ ಅಂತ ಸ್ನೇಹಿತರ ಜೊತೆ ಜಗಳ ಆಡಿದ್ದೂ ಉಂಟು.

ಈಗ ಹಾಗನ್ನಿಸೋಲ್ಲ, ನಾನೇ ತಪ್ಪು. ಮಾಸ್ಟಡಾನ್‌ನಲ್ಲಿ ಖಾಸಗಿ ಸಂದೇಶಕ್ಕೆ ಬೀಗ ಇರಲ್ಲ. ಸರ್ವರ್ ನಡೆಸೋರು ಮನಸ್ಸು ಮಾಡಿದ್ರೆ ಓದಬಹುದು. ಖಾತೆ ಮುಚ್ಚೋದೂ ಅವರ ಕೈಯಲ್ಲೇ. ಸುದ್ದಿ ಹೇಳೋನೇ ನನ್ನ ಮನೆ ಮಾಲೀಕ ಆಗಬಾರದು, ಅವನು ಎಷ್ಟೇ ಸಂಭಾವಿತ ಆಗಿರಲಿ. ನನಗೆ ಅಲ್ಲಿ ಖಾತೆ ಬೇಕಾಗಿಯೂ ಇಲ್ಲ. ನನ್ನ ಖಾತೆ ಒಂದು ಸಣ್ಣ ಸರ್ವರ್‌ನಲ್ಲಿದೆ, ತಿಂಗಳಿಗೆ ಒಂದು ಮಸಾಲೆ ದೋಸೆಯಷ್ಟು ದುಡ್ಡು ಕೊಡ್ತೀನಿ. ಅಲ್ಲಿ ಹುಡುಕೋ ಜಾಗದಲ್ಲಿ ರೇಡಿಯೋ 4ರ ಹೆಸರು ಹಾಕಿದೆ. ಬಂತು, ಆದರೆ ಪುಟ ಬಹುಪಾಲು ಖಾಲಿ. ಒಂದು ಕ್ಷಣ ಗಾಬರಿ ಆಯ್ತು. ಇದು ಈ ವ್ಯವಸ್ಥೆಯ ಚಾಳಿ: ನಮ್ಮಲ್ಲಿ ಯಾರಾದ್ರೂ ಫಾಲೋ ಮಾಡೋದಕ್ಕೆ ಮುಂಚಿನ ಹಳೇ ಪೋಸ್ಟ್‌ಗಳು ನಮ್ಮ ಸರ್ವರ್‌ಗೆ ಬರಲ್ಲ. ಪೇಪರ್ ಹಾಕಿಸಿಕೊಂಡ ಹಾಗೆ, ಇವತ್ತಿಂದ ಶುರು.

ಹಾಗಾದ್ರೆ ಎಲ್ಲ ಸರಿ ಇದೆಯಾ? ಇಲ್ಲ. ಈ ಸಂಸ್ಥೆಗಳಿಗೆ ಖರ್ಚಿನ ಭಯಕ್ಕಿಂತ ಉತ್ತರದ ಭಯ ದೊಡ್ಡದು. ನಾನು ಇಲ್ಲಿಂದ ಅವರ ಪೋಸ್ಟಿಗೆ ಉತ್ತರವಾಗಿ ಒಂದು ಬೈಗುಳ ಬರೆದರೆ ಅದರ ಒಂದು ಪ್ರತಿ ಅವರ ಸರ್ವರ್‌ಗೂ ಹೋಗುತ್ತೆ. ಅಲ್ಲಿ ಅದನ್ನ ಅಳಿಸಬಹುದು, ನನ್ನ ಸರ್ವರ್‌ನಲ್ಲಿ ಅಳಿಸೋಕೆ ಆಗಲ್ಲ. ಟ್ವಿಟರ್‌ನಲ್ಲಾದ್ರೆ ಆ ಗಲೀಜು ಬೇರೆಯವರ ಅಂಗಳದಲ್ಲಿತ್ತು, ಗುಡಿಸೋ ಕೂಲಿಯೂ ಅವರದೇ. ಈಗ ಅಂಗಳ ತಮ್ಮದು. ಅದಕ್ಕೇ 'ಪ್ರಯೋಗ' ಅನ್ನೋ ಪದ. ಯಾವಾಗ ಬೇಕಾದ್ರೂ ಹೊಸ್ತಿಲು ದಾಟಿ ಹೊರಟುಬಿಡಬಹುದಲ್ಲ! ಐರೋಪ್ಯ ಒಕ್ಕೂಟದ ಇಯು ವಾಯ್ಸ್ ಅನ್ನೋ ಸರ್ವರ್ 2022ರಲ್ಲಿ ಪ್ರಯೋಗ ಅಂತಲೇ ಶುರುವಾಗಿ, ಮುಂದೆ ವಹಿಸಿಕೊಳ್ಳೋರು ಸಿಗದೆ 2024ರ ಮೇ ತಿಂಗಳಲ್ಲಿ ಮುಚ್ಚಿತು. ಹಾಗೆ ಮಾಡೋದಾದ್ರೆ ಬಾಡಿಗೆ ಮನೆಗೂ ಇದಕ್ಕೂ ಏನು ವ್ಯತ್ಯಾಸ?

ನಮ್ಮ ಕಡೆ ಬರೋಣ. ಬೆಂಗಳೂರಿನಲ್ಲಿ ಹುಟ್ಟಿ ಮೊದಲು ಕನ್ನಡದಲ್ಲೇ ಬಾಯಿ ಬಿಟ್ಟ, ಟ್ವಿಟರ್ ಥರದ ಆ್ಯಪ್ 'ಕೂ', 2024ರ ಜುಲೈನಲ್ಲಿ ಬಾಗಿಲು ಹಾಕ್ತು. ಸ್ವದೇಶಿಯಾದರೂ ಒಡೆಯ ಒಬ್ಬನೇ ಆಗಿದ್ರೆ ಕಥೆ ಇಷ್ಟೇ. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ನಡೆಸಿದರು, ಅದಕ್ಕೆ ಆಕಾಶವಾಣಿ ಅಂತ ಹೆಸರು. ಇವತ್ತು ಅದೇ ಹೆಸರಿನ ಸಂಸ್ಥೆ ಫೇಸ್‌ಬುಕ್, ಎಕ್ಸ್‌ನಲ್ಲಿ (ಹಳೇ ಟ್ವಿಟರ್) ಬಾಡಿಗೆಗಿದೆ. ಅದನ್ನ ನಡೆಸೋ ಪ್ರಸಾರ ಭಾರತಿ 1997ರಿಂದ ಕಾಗದದ ಮೇಲೆ ಸ್ವಾಯತ್ತ, ಸಂಬಳ ಮಾತ್ರ ಕೇಂದ್ರ ಸರ್ಕಾರದ ಖಜಾನೆಯಿಂದ. ಹಾಗಾಗಿ ಅವರ ಸರ್ವರ್‌ನಲ್ಲಿ ನನ್ನ ಖಾಸಗಿ ಸಂದೇಶ ಇಡೋ ಮಾತೇ ಇಲ್ಲ. ಆದರೆ ಅವರ ದನಿ ಅವರ ವಿಳಾಸದಿಂದಲೇ ಬರಲಿ. ಭದ್ರಾವತಿ, ಮಂಗಳೂರು, ಕಲಬುರಗಿ, ಧಾರವಾಡ, ಒಂದೊಂದು ಕೇಂದ್ರಕ್ಕೆ ಒಂದೊಂದು ಖಾತೆ. ಧಾರವಾಡದ್ದು ಶುರುವಾದ ದಿನ ಯಾರಾದ್ರೂ ತಿಳಿಸಿ, ಹಳೇ ಪೋಸ್ಟ್ ತಪ್ಪಿಹೋಗೋ ಮುಂಚೆ ಫಾಲೋ ಮಾಡಬೇಕು.