ಹಳೆಯ ದೋಣಿಗೆ ಮೋಟಾರು: ಎಷ್ಟು ಎತ್ತರಕ್ಕೆ ಕೂರಿಸಬೇಕು?

ಕೃಷ್ಣಾ ದಂಡೆಯ ಮೀನುಗಾರ ಬಂಧುಗಳಿಗೆಲ್ಲ ನಮಸ್ಕಾರ.

ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ 519.60 ಮೀಟರ್. ಆಗ ಕೊಲ್ಹಾರದ ಕಡೆಯೂ ಬೀಳಗಿ ಕಡೆಯೂ ಕಣ್ಣು ಹಾಯುವಷ್ಟು ದೂರ ಹಿನ್ನೀರು. ಅಷ್ಟು ದೂರ ಹುಟ್ಟು ಹಾಕಿ, ಬಲೆ ಬಿಟ್ಟು ಬರುವುದು ರಟ್ಟೆ ಬೀಳುವ ಕೆಲಸ. ಇರುವ ಹಳೆಯ ದೋಣಿಗೇ ಒಂದು ಔಟ್‌ಬೋರ್ಡ್ ಮೋಟಾರು, ಅಂದರೆ ದೋಣಿಯ ಹಿಂದಿನ ಹಲಗೆಗೆ ಹೊರಗಡೆ ಸಿಕ್ಕಿಸುವ ಮೋಟಾರು, ಹಾಕಿಸೋಣ ಅಂತ ಯಾರಿಗಾದರೂ ಅನಿಸುತ್ತದೆ. ಹಾಕಿಸಿ, ಒಳ್ಳೆಯದೇ. ಆದರೆ ಕೊಳ್ಳುವಾಗ ಎಷ್ಟು ಎಚ್‌ಪಿ, ಎಷ್ಟು ಪೆಟ್ರೋಲು ಅಂತ ವಿಚಾರಿಸುವವರು ಎತ್ತರದ ಮಾತು ಎತ್ತುವುದೇ ಇಲ್ಲ. ದುಡ್ಡು ಸೋರಿಹೋಗುವುದು ಅಲ್ಲೇ.

ನೀರಿನೊಳಗೆ ತಿರುಗಿ ದೋಣಿಯನ್ನು ನೂಕುವ ಮೋಟಾರಿನ ಫ್ಯಾನು ಇದೆಯಲ್ಲ, ಅದರ ಸರಿ ಮೇಲೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮೇಲಿನ ಗಾಳಿಯನ್ನು ಫ್ಯಾನು ಎಳೆದುಕೊಳ್ಳದ ಹಾಗೆ ತಡೆಯುವುದು ಅದರ ಕೆಲಸ. ನಮ್ಮ ನಿಧಾನದ ದೋಣಿಗಳಿಗೆ ಆ ತಟ್ಟೆ ದೋಣಿಯ ತಳದ ಮಟ್ಟಕ್ಕೇ ಇರಬೇಕು, ಇಲ್ಲವೇ ಅದಕ್ಕಿಂತ ಒಂದು ಇಂಚಿನೊಳಗೆ ಕೆಳಗಿರಬೇಕು.

ತಟ್ಟೆ ಮೇಲಾಯಿತೋ, ತಿರುಗುವಾಗ, ಅಲೆ ಬಂದಾಗ ಫ್ಯಾನು ಗಾಳಿ ಹಿಡಿಯುತ್ತದೆ. ಇಂಜಿನ್ನು ಒಮ್ಮೆಲೇ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ತಂಪು ಮಾಡುವ ನೀರನ್ನು ಒಳಗೆ ಎಳೆಯುವ ತೂತುಗಳೂ ಕೆಳಗಡೆಯೇ ಇವೆ. ಅಲ್ಲಿ ನೀರಿನ ಬದಲು ಗಾಳಿ ಹೋದರೆ ಇಂಜಿನ್ನು ಕಾದು ಹಾಳಾಗುತ್ತದೆ.

ಹಾಗಂತ ಜಾಸ್ತಿ ಇಳಿಸಿದರೆ ಜಾಸ್ತಿ ನೂಕುತ್ತದೆ ಅನ್ನುವುದು ಸುಳ್ಳು ಲೆಕ್ಕ. ರಂಟೆಯನ್ನು ಬೇಕಾದ್ದಕ್ಕಿಂತ ಆಳಕ್ಕೆ ಊರಿದರೆ ಎತ್ತು ಏದುಸಿರು ಬಿಡುತ್ತದೆ, ಅಲ್ವಾ? ಹಾಗೇ ಇದು. ಪೆಟ್ರೋಲು ಸುಮ್ನೆ ಉರಿಯುತ್ತದೆ, ನೀರು ಹಿಂದಿನ ಹಲಗೆಗೆ ಎರಚುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಡೆ ಊರಿನ ಗೋಡೆಯ ಬುಡವೋ ಜಾಲಿಯ ಬೊಡ್ಡೆಯೋ ಮೊದಲು ತಾಗುವುದು ಫ್ಯಾನಿಗೇ. ರಾಡಿ ಒಳಗೆ ಹೋದರೆ ನೀರಿನ ಪಂಪಿನ ರಬ್ಬರ್ ಚಕ್ರ ಬೇಗ ಸವೆಯುತ್ತದೆ.

ಅಳತೆ ಕಷ್ಟವಲ್ಲ. ಹಿಂದಿನ ಹಲಗೆಯ ಮೇಲಂಚಿನಿಂದ ತಳದವರೆಗೆ, ನಡುಮಧ್ಯದಲ್ಲಿ ಟೇಪು ಹಿಡಿಯಿರಿ. ಮೋಟಾರುಗಳು ಸಾಮಾನ್ಯವಾಗಿ 15 ಇಂಚು, 20 ಇಂಚಿನ ಹಲಗೆಗೆ ಅಂತ ಬರುತ್ತವೆ. ದೊಡ್ಡವು 25 ಇಂಚಿಗೂ ಇವೆ. ನಿಮ್ಮ ಹಲಗೆಗೆ ಹೊಂದುವುದನ್ನೇ ಕೇಳಿ ತನ್ನಿ. ಕೂರಿಸಿದ ಮೇಲೆ ಒಂದು ನೇರವಾದ ಪಟ್ಟಿಯನ್ನು ದೋಣಿಯ ತಳಕ್ಕೆ ಒತ್ತಿ ಹಿಡಿದು, ಹಿಂದಕ್ಕೆ ಚಾಚಿ. ಮೋಟಾರು ನೆಟ್ಟಗಿರಲಿ. ಪಟ್ಟಿಗೂ ತಟ್ಟೆಗೂ ಎಷ್ಟು ಅಂತರ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಹಲಗೆ ಗಿಡ್ಡವಾಗಿ ಮೋಟಾರು ಕೆಳಗಿಳಿದಿದ್ದರೆ ಮೇಲೆ ಗಟ್ಟಿ ಮರದ ತುಂಡು ಕೂರಿಸಿ, ಹಲಗೆಗೆ ಬೋಲ್ಟು ಹಾಕಿ ಎತ್ತರಿಸಬಹುದು. ಹಲಗೆಯೇ ಎತ್ತರವಾಗಿದ್ದರೆ ದಯವಿಟ್ಟು ಅದನ್ನು ಕತ್ತರಿಸಬೇಡಿ. ಹಿಂದಿನಿಂದ ಬರುವ ಅಲೆಯನ್ನು ತಡೆಯುವುದು ಆ ಹಲಗೆಯೇ. ಉದ್ದ ಕಾಲಿನ ಮೋಟಾರು ಹುಡುಕಿ.

ಇನ್ನು ಹಳೆಯ ದೋಣಿಯ ನಿಜವಾದ ರೋಗ. ಫೈಬರ್ ದೋಣಿಯ ಹಿಂದಿನ ಹಲಗೆಯೊಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಹಳೆಯ ಬೋಲ್ಟಿನ ತೂತಿನಿಂದ ನೀರಿಳಿದು ಅದು ಒಳಗೇ ಕೊಳೆಯುತ್ತದೆ, ಮೇಲೆ ಬಣ್ಣ ಮಾತ್ರ ಚೆನ್ನಾಗಿರುತ್ತದೆ. ಸುತ್ತಿಗೆಯ ಹಿಡಿಯಿಂದ ಇಂಚಿಂಚಿಗೂ ತಟ್ಟುತ್ತಾ ಬನ್ನಿ. ಗಟ್ಟಿ ಜಾಗ ಟಕ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಅನುಮಾನ ಬಂದರೆ ಒಳಮೈಯಿಂದ ಸಣ್ಣ ತೂತು ಕೊರೆದು ಪುಡಿ ನೋಡಿ. ಒಣಗಿದ, ತಿಳಿ ಬಣ್ಣದ ಪುಡಿ ಬಂದರೆ ಸರಿ, ತೂತು ಮುಚ್ಚಿಬಿಡಿ. ಕಪ್ಪಗೆ, ಒದ್ದೆಯಾಗಿ ಬಂದರೆ ಹಲಗೆ ರಿಪೇರಿಯಾಗುವವರೆಗೆ ಮೋಟಾರು ಬೇಡ. ಎತ್ತರ ಎಷ್ಟೇ ಸರಿ ಇರಲಿ, ಮೆತ್ತಗಿನ ಹಲಗೆ ಬಾಗಿದರೆ ಮೋಟಾರು ಕಿತ್ತುಕೊಂಡೇ ಹೋದೀತು.

ತೂಕವನ್ನೂ ನೋಡಿ. ಅಷ್ಟೇ ಎಚ್‌ಪಿಯ ಟೂ ಸ್ಟ್ರೋಕ್‌ಗಿಂತ ಫೋರ್ ಸ್ಟ್ರೋಕ್ ಮೋಟಾರು ಸಾಮಾನ್ಯವಾಗಿ ಭಾರ. ಅದನ್ನು ಹಾಕಿದರೆ ಹಳೆಯ ದೋಣಿಯ ಹಿಂಭಾಗ ಇನ್ನಷ್ಟು ಕುಸಿಯುತ್ತದೆ. ಅದಕ್ಕೇ ಪರೀಕ್ಷೆಯನ್ನು ಖಾಲಿ ದೋಣಿಯಲ್ಲಿ ಮಾಡಬೇಡಿ. ಬಲೆ, ಪೆಟ್ರೋಲು, ದಿನವೂ ಬರುವ ಇಬ್ಬರು, ಎಲ್ಲ ಇರಲಿ. ಲೈಫ್ ಜಾಕೆಟ್ ಹಾಕಿಕೊಂಡು ದಂಡೆಯ ಹತ್ತಿರವೇ ಓಡಿಸಿ. ನಿಧಾನಕ್ಕೆ ತಿರುಗಿಸಿದಾಗ ಇಂಜಿನ್ನು ಕಿರುಚಿದರೆ ಸ್ವಲ್ಪ ಇಳಿಸಿ. ಹಿಂದೆ ನೀರು ಎರಚಿದರೆ ಸ್ವಲ್ಪ ಏರಿಸಿ. ಮೋಟಾರಿನಿಂದ ಹೊರಬೀಳುವ ಸಣ್ಣ ನೀರಿನ ಧಾರೆಯ ಮೇಲೆ ಕಣ್ಣಿರಲಿ. ಅದು ನಿಂತರೆ ಆ ಕ್ಷಣವೇ ಇಂಜಿನ್ನು ಬಂದ್ ಮಾಡಿ.

ಎತ್ತರ ಗೊತ್ತಾದ ಮೇಲೆ ಬರೀ ಹಿಡಿಕೆಯ ಸ್ಕ್ರೂ ನಂಬಬೇಡಿ. ಮೋಟಾರಿನಲ್ಲಿ ಬೋಲ್ಟಿಗೆ ತೂತು ಕೊಟ್ಟಿದ್ದರೆ ಹಲಗೆಯ ಆಚೆಗೂ ಹೋಗುವ ಬೋಲ್ಟು ಹಾಕಿ, ಅಗಲ ವಾಷರ್ ಕೊಟ್ಟು, ತೂತಿಗೆ ಸೀಲೆಂಟ್ ತುಂಬಿ. ಮೋಟಾರಿನಿಂದ ದೋಣಿಗೆ ಒಂದು ಸರಪಳಿಯೂ ಇರಲಿ. ಮೊದಲ ಓಟ ಮುಗಿಸಿ ದಂಡೆಗೆ ಬಂದ ಕೂಡಲೇ ಎಲ್ಲ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ನಮಸ್ಕಾರ.